ಎಪ್ಪತ್ತು ಅಕ್ಷರದೊಳಗೆ ಒಂದು ಆನೆ

ಆಲೂರು, ಸಕಲೇಶಪುರದ ಕಡೆ ಜನ ಬೆಳಗ್ಗೆ ಎದ್ದು ಮೊದಲು ಓದೋದು ಏನು ಅಂತ ಯಾರಾದ್ರೂ ಕೇಳಿದ್ರೆ ನನ್ನ ಉತ್ತರ ಪೇಪರ್ ಅಲ್ಲ, ಕಾಫಿ ರೇಟೂ ಅಲ್ಲ. ಆನೆ ಎಲ್ಲಿದೆ ಅನ್ನೋ ಎರಡು ಸಾಲಿನ ಮೆಸೇಜು. ಅದು ಎಸ್ಸೆಮ್ಮೆಸ್ಸಾಗಿ ಬರುತ್ತೆ, ವಾಟ್ಸಾಪ್ ಗುಂಪಲ್ಲಿ ಬರುತ್ತೆ, ಫೋನ್ ಎತ್ತಿದ್ರೆ ರೆಕಾರ್ಡ್ ಮಾಡಿದ ದನಿಯಾಗಿ ಬರುತ್ತೆ, ಕೆಲವು ಕಡೆ ಸರ್ಕಲ್‌ನ ಎಲ್‌ಇಡಿ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಓಡುತ್ತೆ. ಓದುವವರ ಜೀವಕ್ಕೆ ಇಷ್ಟು ಹತ್ತಿರದ ಕನ್ನಡ ಬರಹ ಇನ್ನೊಂದು ನನಗೆ ಗೊತ್ತಿಲ್ಲ. ಕಾದಂಬರಿಗೆ, ಸಿನಿಮಾಗೆ, ವೆಬ್ ಸೀರೀಸಿಗೆ, ಕೊನೆಗೆ ಬಿರಿಯಾನಿ ಹೋಟೆಲಿಗೂ ಸ್ಟಾರ್ ಕೊಡೋ ನಾವು ಈ ಎರಡು ಸಾಲನ್ನ ಮಾತ್ರ ಬರಹ ಅಂತ ನೋಡೋದೇ ಇಲ್ಲ. ಹಾಗಾಗಿ ಈ ಸಲದ ವಿಮರ್ಶೆ ಅದರದ್ದು.

ಮೊದಲು, ಈ ಮೆಸೇಜು ಯಾಕೆ ಹುಟ್ಟಿತು ಅನ್ನೋದನ್ನ ಹೇಳಬೇಕು. ಯಾಕಂದ್ರೆ ಇದು ಯಾರದೂ ಮೊದಲ ಆಯ್ಕೆ ಆಗಿರಲಿಲ್ಲ.

ಕರ್ನಾಟಕ ಹೈಕೋರ್ಟಿನ ಆದೇಶದ ಮೇಲೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಮನ್ ಸುಕುಮಾರ್ ಅದರ ಅಧ್ಯಕ್ಷರು. ವರದಿ ಆನೆಗಳಿರೋ ಜಾಗವನ್ನ ಮೂರು ಬಗೆ ಮಾಡಿತು: ಆನೆಯ ಸಂರಕ್ಷಣೆಯೇ ಮುಖ್ಯವಾದ ವಲಯ, ಆನೆ ಮತ್ತು ಮನುಷ್ಯ ಹೊಂದಿಕೊಂಡು ಇರಬೇಕಾದ ವಲಯ, ಆನೆಯನ್ನ ತೆಗೆದುಬಿಡಬೇಕಾದ ವಲಯ. ಆಲೂರು ಬಂದದ್ದು ಮೂರನೇ ಬಗೆಯಲ್ಲಿ. ಚೂರುಚೂರು ಕಾಡು, ನಡುವೆ ಕಾಫಿ ತೋಟ, ಗದ್ದೆ, ಊರು, ಒಂದು ಮಗ್ಗುಲಿಗೆ ಹೇಮಾವತಿ ಹಿನ್ನೀರು. ಇಂಥ ಕಡೆ ಆನೆಗೂ ನೆಮ್ಮದಿ ಇಲ್ಲ, ಜನಕ್ಕೂ ಇಲ್ಲ ಅನ್ನೋದು ಅದರ ಹಿಂದಿನ ತರ್ಕ. ಅದರಂತೆ 2013–14ರಲ್ಲಿ ಈ ಭಾಗದಿಂದ 22 ಆನೆಗಳನ್ನ ಹಿಡಿದು ಸಾಗಿಸಿದರು. ಆಮೇಲೆ? ಆನೆ ಮತ್ತೆ ಬಂದವು. ಖಾಲಿಯಾದ ಜಾಗ ಖಾಲಿಯಾಗೇ ಉಳಿಯಲಿಲ್ಲ. ಮರದ ನೆರಳು, ಕೆರೆ ನೀರು, ಬೈನೆ ಮರ, ಹಲಸು, ಬಾಳೆ, ಕೊಯ್ಲಿಗೆ ಬಂದ ಭತ್ತ, ಎಲ್ಲ ಇರೋ ತೋಟವನ್ನ ಯಾವ ಆನೆ ತಾನೇ ಬಿಡುತ್ತೆ? 2023ರ ಗಣತಿ ಪ್ರಕಾರ ರಾಜ್ಯದಲ್ಲಿ ಇದ್ದ ಆನೆಗಳು 6,395. ಅವೆಲ್ಲ ನಕ್ಷೆಯ ಹಸಿರು ಗೆರೆಯೊಳಗೇ ಇರ್ತವೆ ಅನ್ನೋದು ನಕ್ಷೆ ಬರೆಯುವವರ ಆಸೆ ಅಷ್ಟೇ.

ಬೇಲಿಯ ಕಥೆಯೂ ಅಷ್ಟಕ್ಕಷ್ಟೇ. ಹಳೇ ರೈಲು ಹಳಿಯ ತಡೆಗೋಡೆ ಬಹಳ ಗಟ್ಟಿ ಅಂತ ಹೆಸರಾಯ್ತು. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಹತ್ತಿರ ಅದನ್ನ ದಾಟೋಕೆ ಹೋದ ಆನೆಯೊಂದು ಸಿಕ್ಕಿಹಾಕಿಕೊಂಡು ಸತ್ತ ಫೋಟೊ ನಿಮ್ಮಲ್ಲಿ ಅನೇಕರು ನೋಡಿರ್ತೀರಿ. ಹಿಡಿಯೋ ಕೆಲಸ ಎಷ್ಟು ಸುಲಭ ಅನ್ನೋದಕ್ಕೆ 2023 ಒಂದೇ ವರ್ಷ ಸಾಕು. ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಆನೆಗೆ ಚಿಕಿತ್ಸೆ ಕೊಡೋಕೆ ಅರಿವಳಿಕೆ ಮದ್ದು ಹೊಡೆಯಲು ಹೋದ ಇಲಾಖೆಯ ಅನುಭವಿ ಸಿಬ್ಬಂದಿಯೊಬ್ಬರು ಅದೇ ಆನೆಗೆ ಬಲಿಯಾದರು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಮೈಸೂರು ದಸರಾದಲ್ಲಿ 8 ಸಲ ಅಂಬಾರಿ ಹೊತ್ತ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತ. ಅರ್ಜುನನಿಗೆ ಇಡೀ ರಾಜ್ಯ ಅತ್ತಿತು. ಅವನನ್ನ ಅಲ್ಲಿಗೆ ಕರೆಸಬೇಕಾಗಿ ಬಂದ ಊರುಗಳ ಬಗ್ಗೆ ಮಾತು ಎರಡೇ ದಿನಕ್ಕೆ ಮುಗಿಯಿತು.

ಹಿಡಿದರೂ ಆಗಲಿಲ್ಲ, ತಡೆದರೂ ಆಗಲಿಲ್ಲ ಅಂದಾಗ ಉಳಿದದ್ದು ಹೇಳೋದು. ಆನೆ ಇಲ್ಲಿದೆ, ನೀವು ಅಲ್ಲಿರಿ. ಈ ದಾರಿಯನ್ನ ಮೊದಲು ಚೆನ್ನಾಗಿ ಮಾಡಿ ತೋರಿಸಿದ್ದು ತಮಿಳುನಾಡಿನ ವಾಲ್ಪಾರೈ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ಗೆಳೆಯರು ಸಾವುಗಳ ಹಿನ್ನೆಲೆ ಹುಡುಕಿದಾಗ ಕಂಡದ್ದು ಬಹಳ ಸರಳ ಸಂಗತಿ: ಹೆಚ್ಚಿನವರು ಸತ್ತದ್ದು ಆನೆ ಅಲ್ಲಿದೆ ಅಂತ ಗೊತ್ತಿಲ್ಲದೆ ಎದುರಾಗಿ. ಆಮೇಲೆ ಟೀವಿಯ ಕೆಳಗೆ ಓಡೋ ಸಾಲು, ಎಸ್ಸೆಮ್ಮೆಸ್, ಮೊಬೈಲಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ ಬಂದವು. ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಹಾಸನ ಜಿಲ್ಲೆಗೂ ಈ ಪದ್ಧತಿ ತಂದಿತು. 2022ರ ಕೊನೆಗೆ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರಿಗೆ ಪ್ರತ್ಯೇಕ ಆನೆ ಕಾರ್ಯಪಡೆ ಘೋಷಿಸಿದ ಮೇಲೆ ಆನೆಯ ಹಿಂದೆ ನಡೆಯುವವರ ಕೆಲಸಕ್ಕೆ ಒಂದು ಅಧಿಕೃತ ರೂಪ ಬಂತು.

ಇಷ್ಟು ಹಿನ್ನೆಲೆ. ಈಗ ಮೆಚ್ಚುಗೆ.

ನಗರದಲ್ಲಿ ನಾವು ಸರ್ಕಾರದ ಜೊತೆ ಮಾತಾಡೋದು ದೂರಿನ ಭಾಷೆಯಲ್ಲಿ. ಆ್ಯಪ್ ತೆಗಿ, ಫೋಟೊ ಹಾಕು, ನಂಬರ್ ತಗೋ, ಕಾಯಿ. ನಮ್ಮ ಬೀದಿಯ ದೀಪಕ್ಕೆ ನಾನು ಕೊಟ್ಟ ದೂರು ಮೂರು ದಿನಕ್ಕೆ ‘ಪರಿಹರಿಸಲಾಗಿದೆ’ ಅಂತ ಮುಚ್ಚಿಹೋಯ್ತು, ದೀಪ ಮಾತ್ರ ಹತ್ತಲಿಲ್ಲ. ಯಾವ ಕಚೇರಿ ಅನ್ನೋದು ಇಲ್ಲಿ ಮುಖ್ಯ ಅಲ್ಲ, ನಿಮ್ಮೆಲ್ಲರ ಹತ್ತಿರವೂ ಇಂಥದೊಂದು ಇದ್ದೇ ಇರುತ್ತೆ. ಅಲ್ಲಿ ಹೇಳುವವನು ಒಬ್ಬ, ಕೇಳುವವನು ಇನ್ನೊಬ್ಬ, ನಡುವೆ ಒಂದು ಗೋಡೆ. ಆನೆಯ ಮೆಸೇಜಿನಲ್ಲಿ ಆ ಗೋಡೆ ಇಲ್ಲ. ರಾತ್ರಿ ತೋಟದ ಕಾವಲುಗಾರ ಕೊಂಬೆ ಮುರಿದ ಸದ್ದು ಕೇಳಿ ಫೋನ್ ಮಾಡ್ತಾನೆ. ಬೆಳಗಿನ ಜಾವ ಇಲಾಖೆಯ ಹುಡುಗರು ಲದ್ದಿ, ಹೆಜ್ಜೆ ನೋಡಿಕೊಂಡು ಹೋಗಿ ಖಾತ್ರಿ ಮಾಡ್ತಾರೆ. ಕಾಲರ್ ಹಾಕಿದ ಹೆಣ್ಣಾನೆ ಇದ್ರೆ ಹಿಂಡಿನ ದಾರಿ ಇನ್ನೂ ಬೇಗ ಗೊತ್ತಾಗುತ್ತೆ. ಮಾಹಿತಿ ಹುಟ್ಟೋದು ಊರಲ್ಲಿ, ಗಟ್ಟಿಯಾಗೋದು ಇಲಾಖೆಯಲ್ಲಿ, ಮತ್ತೆ ವಾಪಸ್ ಊರಿಗೇ. ಪರಿಹಾರದ ವಿಷಯಕ್ಕೆ ಗಾರ್ಡಿನ ಜೀಪು ಅಡ್ಡಗಟ್ಟಿದ ಜನವೇ ಮಾರನೇ ದಿನ ಅದೇ ಗಾರ್ಡಿಗೆ ‘ಸಾರ್, ಇಲ್ಲಿ ದಾಟೈತೆ’ ಅಂತ ಲೊಕೇಶನ್ ಕಳಿಸ್ತಾರೆ. ಜಗಳ ಆಡ್ತಾನೇ ಒಟ್ಟಿಗೆ ಕೆಲಸ ಮಾಡೋದು ಅಂದ್ರೆ ಇದೇ. ಬೆಂಗಳೂರಿನ ಯಾವ ವಾರ್ಡಿನಲ್ಲೂ ನಾನು ಇದನ್ನ ಕಂಡಿಲ್ಲ.

ಮೆಚ್ಚಿದ್ದಾಯ್ತು. ಇನ್ನು ಬರಹಕ್ಕೆ ಬರೋಣ.

ಸಾಫ್ಟ್‌ವೇರಿನವರಿಗೆ ಗೊತ್ತಿರೋ ಒಂದು ಲೆಕ್ಕ ಹೇಳ್ತೀನಿ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಯುತ್ತೆ. ಕನ್ನಡ ಯೂನಿಕೋಡ್ ಆದ್ರೆ 70. ಅದರಲ್ಲೂ ಯಂತ್ರ ನಮ್ಮ ಹಾಗೆ ಅಕ್ಷರ ಎಣಿಸಲ್ಲ. ಗುಣಿತ ಬೇರೆ, ಒತ್ತಿಗೆ ಹಾಕೋ ಅರ್ಧಾಕ್ಷರದ ಗುರುತು ಬೇರೆ, ಸೊನ್ನೆ ಬೇರೆ. ‘ಆನೆ’ ಅನ್ನೋ ಎರಡಕ್ಷರಕ್ಕೆ ಮೂರು ಜಾಗ. ಎಪ್ಪತ್ತು ದಾಟಿದ್ರೆ ಮೆಸೇಜು ತುಂಡಾಗಿ ಹೋಗುತ್ತೆ, ಖರ್ಚು ಎರಡು ಪಟ್ಟು, ನೆಟ್‌ವರ್ಕ್ ಸರಿ ಇಲ್ಲದ ಕಣಿವೆಯಲ್ಲಿ ಒಂದು ತುಂಡು ಬಂದು ಇನ್ನೊಂದು ಬರದೇ ಇರಬಹುದು.

ಈಗ ಊರಿನ ಗುಂಪುಗಳಲ್ಲಿ ಕೈಯಿಂದ ಕೈಗೆ ಹೋಗೋ ಸಂದೇಶಗಳಲ್ಲಿ ಬಹಳ ಸಲ ಕಾಣೋ ಒಂದು ಸಾಲು ನೋಡಿ: ‘ಸಾರ್ವಜನಿಕರು ಎಚ್ಚರಿಕೆಯಿಂದ ಇರಬೇಕಾಗಿ ವಿನಂತಿ’. ಇದನ್ನ ಯಾರು ಬರೆದರು ಅಂತ ಹುಡುಕಿ ಫಲ ಇಲ್ಲ. ಫೋನ್ ಕೈಗೆ ತಗೊಂಡ ಕೂಡಲೇ ನಮ್ಮೆಲ್ಲರೊಳಗೂ ಒಬ್ಬ ಗುಮಾಸ್ತ ಎದ್ದು ಕೂರ್ತಾನೆ. ಎಣಿಸಿ ನೋಡಿ, ಈ ಸಾಲಿಗೆ ಹೋಗೋದು 40 ಜಾಗ. ಎಪ್ಪತ್ತರಲ್ಲಿ ನಲವತ್ತು! ಅದು ಹೇಳೋದು ಏನು? ಏನೂ ಇಲ್ಲ. ಆನೆ ಇರೋ ಊರಲ್ಲಿ ಎಚ್ಚರಿಕೆಯಿಂದ ಇರಬೇಕು ಅಂತ ಆಲೂರಿನ ಎಂಟು ವರ್ಷದ ಹುಡುಗನಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಅವನಿಗೆ ಬೇಕಾದದ್ದು ಎಲ್ಲಿ, ಯಾವಾಗ, ಎಷ್ಟು, ಯಾವ ಕಡೆ ಮುಖ ಮಾಡಿದೆ ಅನ್ನೋದು.

ಅದೇ ಎಪ್ಪತ್ತರೊಳಗೆ ಹೀಗೂ ಬರೆಯಬಹುದು: ‘ಒಂಟಿ ಸಲಗ. ಹೊಳೆ ದಾಟಿ ಕೆರೆ ಏರಿ ಕಡೆ. ಬೆ. 6:10. ಶಾಲೆ ದಾರಿ ಬೇಡ’. ಒಟ್ಟು 57. ಇನ್ನೂ 13 ಉಳೀತು. ಇದು ನಾನು ಉದಾಹರಣೆಗೆ ಬರೆದದ್ದು, ಚೆಂದದ ವಾಕ್ಯ ಏನಲ್ಲ. ಆದ್ರೆ ಒಂದೊಂದು ಪದವೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತೆ. ಮಾತಾಡುವಾಗ ನಮ್ಮ ಜನ ಹೀಗೇ ಹೇಳೋದು. ಬರೆಯೋಕೆ ಕೂತಾಗ ಮಾತ್ರ ‘ಕಾಡಾನೆಯೊಂದು ಸಂಚರಿಸುತ್ತಿರುವ ಬಗ್ಗೆ ಮಾಹಿತಿ ಲಭ್ಯವಾಗಿರುತ್ತದೆ’ ಅಂತ ಆಗಿಬಿಡುತ್ತೆ.

ಜಾಗದ ಹೆಸರಿನದ್ದು ಇನ್ನೊಂದು ತೊಡಕು. ಕಡತದಲ್ಲಿ ಜಾಗ ಅಂದ್ರೆ ಬೀಟು, ಸರ್ವೆ ನಂಬರು, ಎಸ್ಟೇಟಿನ ಹೆಸರು. ಎಸ್ಟೇಟು ಕೈ ಬದಲಾಯಿಸಿದ್ರೆ ಹೆಸರೂ ಬದಲಾಗುತ್ತೆ, ಹೋಮ್‌ಸ್ಟೇ ಆದ್ರಂತೂ ಕೇಳಲೇಬೇಡಿ, ಗೇಟಿನ ಮೇಲೆ ಹೊಸ ಇಂಗ್ಲಿಷ್ ಹೆಸರು. ಕೂಲಿಗೆ ಹೋಗೋ ಹೆಂಗಸಿಗೆ ಆ ಜಾಗ ಈಗಲೂ ಹಳೇ ಗಿರಣಿ, ಮುರುಕಲು ಸೇತುವೆ, ಜೋಡಿ ಹಲಸಿನ ಮರ. ಜೀವ ಉಳಿಸೋ ನಕ್ಷೆ ಅವಳ ಬಾಯಲ್ಲಿದೆ. ಮೆಸೇಜು ಬರೆಯುವವರು ಆ ಹೆಸರುಗಳನ್ನ ಊರೂರಿಗೆ ಹೋಗಿ ಒಂದು ಸಲ ಪಟ್ಟಿ ಮಾಡಿಕೊಂಡರೆ ಸಾಕು. ಒಂದು ಎಕ್ಸೆಲ್ ಶೀಟಿನ ಕೆಲಸ ಅದು, ಎಐ ಬೇಡ.

ಜನ ತಾವಾಗೇ ಮಾಡಿಕೊಂಡ ಒಂದು ಸುಧಾರಣೆಯನ್ನೂ ಇಲ್ಲಿ ಹೊಗಳಬೇಕು. ಆನೆಗಳಿಗೆ ಹೆಸರಿಟ್ಟಿದ್ದಾರೆ. ಭೀಮ, ಕರಡಿ, ಬೀಟಮ್ಮ. ಒಂದು ಸಲ ನಮ್ಮಮ್ಮ ಫೋನಲ್ಲಿ ‘ಕರಡಿ ಬಂದೈತಂತೆ ಕಣಪ್ಪ, ಇವತ್ತು ಡೈರಿಗೆ ಹಾಲು ಹಾಕಕ್ಕೆ ತಡವಾಗಿ ಹೋಯ್ತೀನಿ’ ಅಂದಾಗ ಪಕ್ಕದಲ್ಲಿದ್ದ ರೂಮ್‌ಮೇಟ್ ‘ನಿಮ್ಮೂರಲ್ಲಿ ಕರಡಿನೂ ಇದೆಯಾ’ ಅಂತ ಗಾಬರಿಯಾದ. ಕರಡಿ ಅಂದ್ರೆ ಆನೆ, ಅದರಲ್ಲೂ ಇಂಥದೇ ಆನೆ ಅನ್ನೋದು ಅಮ್ಮನಿಗೆ ಗೊತ್ತು. ಹೆಸರು ಕೇಳಿದ ಕೂಡಲೇ ಒಂಟಿಯೋ ಹಿಂಡೋ, ಅಟ್ಟಿಸಿಕೊಂಡು ಬರುತ್ತೋ ಸುಮ್ಮನೆ ಹೋಗುತ್ತೋ ಅಂತ ಅವಳದೊಂದು ಲೆಕ್ಕ ಶುರುವಾಗುತ್ತೆ. ‘ಬೀಟಮ್ಮ’ ಅಂದ್ರೆ ಒಂದಲ್ಲ, ದೊಡ್ಡ ಹಿಂಡು. ಮೂರಕ್ಷರದೊಳಗೆ ಇಷ್ಟೊಂದು ಮಾಹಿತಿ ತುಂಬಿದ್ದು ಯಾವ ಎಂಜಿನಿಯರೂ ಅಲ್ಲ. ಇದೇ ಹೆಸರುಗಳು ರೀಲ್ಸಿಗೆ ಹೋಗಿ, ಹಾಡು ಹಾಕಿಸಿಕೊಂಡು, ಆನೆ ನೋಡೋಕೆ ಬೈಕಲ್ಲಿ ಬರೋ ಹುಡುಗರನ್ನ ಹುಟ್ಟಿಸಿದ್ದೂ ನಿಜ. ಎಚ್ಚರಿಕೆಯ ಮೆಸೇಜು ಅವರ ಕೈಯಲ್ಲಿ ಆಹ್ವಾನ ಪತ್ರಿಕೆ ಆಗುತ್ತೆ.

ಇಲ್ಲಿವರೆಗಿನದ್ದು ಬರಹದ ದೋಷ, ತಿದ್ದಬಹುದು. ನನ್ನ ದೊಡ್ಡ ತಕರಾರು ಬೇರೆ ಇದೆ. ಅದು ಓದುಗ ಯಾರು ಅನ್ನೋದರ ಬಗ್ಗೆ.

ಈ ಮೆಸೇಜು ಯಾರ ಫೋನಿಗೆ ಬರುತ್ತೆ? ತೋಟದ ಮಾಲೀಕರಿಗೆ ಬರುತ್ತೆ, ಅವರು ಹಾಸನದಲ್ಲೋ ಬೆಂಗಳೂರಲ್ಲೋ ಇರ್ತಾರೆ. ರೈಟರಿಗೆ ಬರುತ್ತೆ. ರಜೆಗೆ ಮಾತ್ರ ಊರಿಗೆ ಹೋಗೋ ನನ್ನಂಥವನಿಗೂ ಬರುತ್ತೆ. ಬೆಳಗ್ಗೆ ಏಳೂವರೆಗೆ ತಲೆಗೆ ಬಟ್ಟೆ ಕಟ್ಟಿಕೊಂಡು, ಬುತ್ತಿ ಹಿಡಿದು, ಲೈನು ಮನೆಯಿಂದ ಕಾಫಿ ಗಿಡಗಳ ನಡುವಿನ ಕಾಲುದಾರಿಗೆ ಇಳಿಯೋ ಹೆಂಗಸಿಗೆ ಬರುತ್ತಾ? ಎಷ್ಟೋ ಮನೆಯಲ್ಲಿ ಫೋನು ಒಂದೇ, ಅದು ಗಂಡನ ಜೇಬಲ್ಲಿ. ಕೊಯ್ಲಿನ ಹೊತ್ತಿಗೆ ಅಸ್ಸಾಮಿನಿಂದ, ಬಂಗಾಳದಿಂದ ಬರೋ ಕುಟುಂಬಗಳಿಗೆ ಕನ್ನಡ ಓದೋಕೆ ಬರಲ್ಲ. ಅವರ ಸಿಮ್ಮು ಯಾವ ಪಟ್ಟಿಯಲ್ಲಿರುತ್ತೆ? ಆನೆಗೆ ಎದುರಾಗೋದು ಕಾಲ್ನಡಿಗೆಯವರು. ಕಾರಿನ ಗಾಜಿನೊಳಗಿನವರಿಗಿಂತ ಮೊದಲು ಸುದ್ದಿ ಮುಟ್ಟಬೇಕಾದದ್ದು ಅವರಿಗೆ. ಈ ದೃಷ್ಟಿಯಿಂದ ನೋಡಿದ್ರೆ ಬರಹಕ್ಕಿಂತ ದನಿ ಮೇಲು, ದನಿಗಿಂತ ವಾಲ್ಪಾರೈಯ ಕೆಂಪು ದೀಪ ಮೇಲು. ದೀಪಕ್ಕೆ ಭಾಷೆ ಇಲ್ಲ, ಓದು ಬರಹ ಬೇಡ, ರೀಚಾರ್ಜು ಬೇಡ. ಹತ್ತಿದ್ರೆ ಆನೆ ಇದೆ, ಅಷ್ಟೇ.

ಸರಿ, ಮುಟ್ಟಿತು ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ಅವಳು ಏನು ಮಾಡಬೇಕು?

ಇಲ್ಲಿ ಮೆಸೇಜು ಬಾಯಿ ಮುಚ್ಚಿಕೊಳ್ಳುತ್ತೆ. ಮನೆಯಲ್ಲೇ ಇದ್ರೆ ಆ ದಿನದ ಕೂಲಿ ಹೋಯ್ತು. ಬೆಳೆ ನಷ್ಟಕ್ಕೆ ಪರಿಹಾರ ಇದೆ, ದನ ಸತ್ತರೆ ಇದೆ, ಮನುಷ್ಯ ಸತ್ತರೆ ಕೊಡೋ ಮೊತ್ತವನ್ನ 2022ರ ಕೊನೆಗೆ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಸಾಯದೇ ಮನೆಯಲ್ಲಿ ಉಳಿದವಳಿಗೆ ಯಾವ ಕಲಮೂ ಇಲ್ಲ. ಎಚ್ಚರಿಕೆಯನ್ನ ಪಾಲಿಸಿದ್ದಕ್ಕೆ ದಂಡ ಕಟ್ಟೋದು ಅವಳೇ. ಹಾಗಾಗಿ ಅವಳು ಹೋಗ್ತಾಳೆ. ಹತ್ತು ಸಲ ಹೋಗ್ತಾಳೆ, ಏನೂ ಆಗಲ್ಲ. ಹನ್ನೊಂದನೇ ಸಲಕ್ಕೆ ಮೆಸೇಜು ಬಂದ ಸದ್ದೂ ಕೇಳಿಸಲ್ಲ. ರಾತ್ರಿ ಪಾಳಿಯಲ್ಲಿ ಸರ್ವರ್ ನೋಡಿಕೊಂಡವರಿಗೆ ಈ ಕಾಯಿಲೆ ಗೊತ್ತು. ದಿನಕ್ಕೆ ಇನ್ನೂರು ಅಲರ್ಟ್ ಬಂದ್ರೆ ಇನ್ನೂರನ್ನೂ ಮ್ಯೂಟ್ ಮಾಡ್ತೀವಿ. ನಮ್ಮಲ್ಲಿ ಬಿದ್ದು ಹೋಗೋದು ವೆಬ್‌ಸೈಟು. ಅಲ್ಲಿ ಹಾಗಲ್ಲ.

ನನ್ನ ಭಯ ಇರೋದು ಇಲ್ಲಿ. ಮಾಹಿತಿ ಕೊಟ್ಟಾದ ಮೇಲೆ ಹೊಣೆ ಯಾರದು? ‘ಮುನ್ನೆಚ್ಚರಿಕೆ ನೀಡಲಾಗಿತ್ತು’ ಅನ್ನೋ ಒಂದು ವಾಕ್ಯ ಕಡತದಲ್ಲಿ ಕೂತರೆ, ಸತ್ತವಳದ್ದೇ ತಪ್ಪು ಅಂತ ಆಗೋಕೆ ಹೆಚ್ಚು ದಿನ ಬೇಡ. ಜೀವ ಉಳಿಸೋಕೆ ಹುಟ್ಟಿದ ಬರಹ ನಿಧಾನಕ್ಕೆ ವಕೀಲರ ನೋಟೀಸಿನ ಹಾಗೆ ಆಗಬಾರದು. ಆ ನಲವತ್ತು ಜಾಗದ ‘ವಿನಂತಿ’ ನನಗೆ ಅಷ್ಟು ಚುಚ್ಚೋದೂ ಇದಕ್ಕೇ. ಅದು ಓದುಗನಿಗಾಗಿ ಬರೆದ ಸಾಲಲ್ಲ, ಬರೆದವನ ರಕ್ಷಣೆಗೆ ಬರೆದ ಸಾಲು.

ಇದಕ್ಕೆ ಎದುರು ಮಾತೂ ಇದೆ, ಅದನ್ನ ತಳ್ಳಿಹಾಕೋಕೆ ಆಗಲ್ಲ. ಆನೆಯ ಹಿಂದೆ ರಾತ್ರಿಯೆಲ್ಲ ನಡೆಯೋ ಹುಡುಗರಲ್ಲಿ ದಿನಗೂಲಿಯವರೂ ಇದ್ದಾರೆ. ಮಳೆ, ಜಿಗಣೆ, ಕೈಯಲ್ಲಿ ಟಾರ್ಚು, ಪಟಾಕಿ. ಅವರು ಬೆಳಗ್ಗೆ ಆರಕ್ಕೆ ಮೆಸೇಜು ಹಾಕಿದ್ರೆ ಅದರಲ್ಲಿ ವ್ಯಾಕರಣ ಹುಡುಕೋ ನಾನ್ಯಾರು? ನಿಜ. ಅವರು ಮಾಡೋ ಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ. ಅವರು ಜೀವ ಒತ್ತೆ ಇಟ್ಟು ತಂದ ಸುದ್ದಿ ಕೊನೇ ನೂರು ಗಜದಲ್ಲಿ ಹಾಳಾಗಬಾರದು ಅನ್ನೋದಷ್ಟೇ ನನ್ನ ವಾದ. ಅದನ್ನ ಸರಿ ಮಾಡೋದು ಅವರ ಕೆಲಸವೂ ಅಲ್ಲ. ತೋಟದವರು, ಪಂಚಾಯಿತಿಯವರು, ಇಲಾಖೆಯವರು ಕೂತು ಮಾಡಬೇಕಾದದ್ದು.

ಏನು ಮಾಡಬಹುದು? ಮೊದಲನೆಯದು, ಆನೆ ಬಂದಾಗ ಹೇಳುವ ಹಾಗೆ ಹೋದಾಗಲೂ ಹೇಳಬೇಕು. ‘ದಾಟಿತು, ದಾರಿ ಬಿಡುವು’ ಅನ್ನೋ ಸುದ್ದಿ ಬಂದ್ರೆ ಮಾತ್ರ ‘ಬಂತು’ ಅನ್ನೋದಕ್ಕೆ ಬೆಲೆ. ಮುಗಿಯದ ಎಚ್ಚರಿಕೆಯನ್ನ ಯಾರೂ ಬಹಳ ದಿನ ನಂಬಲ್ಲ. ಎರಡನೆಯದು, ಬೆಳಗ್ಗೆ ಎಚ್ಚರಿಕೆ ಬಂದ ದಿನ ತೋಟದ ಕೆಲಸ ತಡವಾಗಿ ಶುರುವಾಗಬೇಕು, ಕೂಲಿ ಮಾತ್ರ ಪೂರ್ತಿ ಸಿಗಬೇಕು. ಇದನ್ನ ಬೆಳೆಗಾರರ ಸಂಘಗಳು ತಾವೇ ಒಪ್ಪಿಕೊಂಡು ಶುರು ಮಾಡಬಹುದು, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಈ ಎರಡು ಗಂಟೆಯ ಕೂಲಿ ಬೆಳೆಗಾರನಿಗೂ ಹೊರೆಯೇ, ಆನೆ ತುಳಿದ ಗಿಡ ಅವನದೇ. ಹಾಗಾಗಿ ಸಂಘರ್ಷಕ್ಕೆ ಅಂತ ಮೀಸಲಿಡೋ ಹಣದಲ್ಲಿ ಇದಕ್ಕೂ ಒಂದು ಪಾಲು ಇರಲಿ ಅಂತ ಬೆಳೆಗಾರರೂ ಕೂಲಿಯವರೂ ಒಟ್ಟಿಗೆ ಕೇಳಬಹುದು. ಮೂರನೆಯದು, ಆನೆ ವಿಷಯಕ್ಕೆ ಸಭೆ ಕರೆದಾಗ ಮುಂದಿನ ಸಾಲಿನ ಕುರ್ಚಿಯಲ್ಲಿ ನಾಲ್ಕು ಜನ ಕೂಲಿ ಹೆಂಗಸರಿಗೆ ಜಾಗ ಇರಲಿ. ಆ ವಾರ ಬಂದ ಮೆಸೇಜುಗಳನ್ನ ಅವರಿಗೆ ಓದಿ ಹೇಳಿ, ‘ಇದರಲ್ಲಿ ನಿಮಗೆ ತಿಳಿದದ್ದೇನು’ ಅಂತ ಕೇಳಲಿ. ನಮ್ಮ ಭಾಷೆಯಲ್ಲಿ ಇದಕ್ಕೆ ಯೂಸರ್ ಟೆಸ್ಟಿಂಗ್ ಅಂತೀವಿ. ಲಕ್ಷಾಂತರ ಖರ್ಚು ಮಾಡಿ ಒಂದು ಬಟನ್ನಿನ ಬಣ್ಣಕ್ಕೆ ಮಾಡ್ತೀವಿ.

ನೀವು, ಶುಕ್ರವಾರ ರಾತ್ರಿ ಶಿರಾಡಿ ಕಡೆ ಹೊರಡೋ ಗೆಳೆಯರು, ಸಕಲೇಶಪುರದ ಹೋಮ್‌ಸ್ಟೇ ಬುಕ್ ಮಾಡುವಾಗ ವೈಫೈ ಇದೆಯಾ, ಕ್ಯಾಂಪ್‌ಫೈರ್ ಇದೆಯಾ ಅಂತ ಕೇಳ್ತೀರಲ್ಲ, ಅದರ ಜೊತೆಗೆ ಆನೆಯ ಮೆಸೇಜು ನಿಮಗೆ ಬರುತ್ತಾ ಅಂತಲೂ ಕೇಳಿ. ಬರಲ್ಲ ಅಂದ್ರೆ ಬರೋ ಹಾಗೆ ಮಾಡಿ ಅನ್ನಿ. ರಾತ್ರಿ ತೋಟದ ದಾರಿಯಲ್ಲಿ ವಾಕಿಂಗ್ ಹೋಗಬೇಡಿ, ಹಾಡು ಜೋರಾಗಿ ಹಾಕಬೇಡಿ, ಆನೆ ಕಂಡ್ರೆ ಗಾಡಿ ನಿಲ್ಲಿಸಿ ಇಳಿಯಬೇಡಿ. ಮತ್ತೆ ದಯವಿಟ್ಟು, ಸೋಮವಾರ ಆಫೀಸಿಗೆ ಬಂದು ಇದಕ್ಕೊಂದು ಹೊಸ ಆ್ಯಪ್ ಮಾಡೋಣ ಅಂತ ಹೊರಡಬೇಡಿ. ಅಲ್ಲಿ ಕೊರತೆ ಇರೋದು ತಂತ್ರಜ್ಞಾನಕ್ಕಲ್ಲ. ಬೆಳಗ್ಗೆ ಆರು ಹತ್ತಕ್ಕೆ ಸುದ್ದಿ ಬಂದ ದಿನ ಎಂಟು ಗಂಟೆಗೆ ತೋಟಕ್ಕೆ ಇಳಿಯಬೇಕಾದ ಹೆಂಗಸಿಗೆ ‘ಹತ್ತಕ್ಕೆ ಬಾರಮ್ಮ, ಕೂಲಿ ಹಿಡಿಯಲ್ಲ’ ಅನ್ನುವವರು ಬೇಕಾಗಿದ್ದಾರೆ. ಆ ಮಾತು ಸೇರುವವರೆಗೆ ಈ ಬರಹ ಅರ್ಧ ಮಾತ್ರ ಆಗಿದೆ.